ಸಗೋತ್ರದ ಬೆಕ್ಕುಗಳು

ಗೊತ್ತಿಲ್ಲದ ಕೆಲಸಕ್ಕೆ ‘ಆಗಲಿ, ಅದೇನು ಮಹಾ’ ಎಂದು ಒಪ್ಪಿಕೊಂಡುಬಿಡುವ ಜನರ ಒಂದು ಪಂಗಡವೇ ಇದೆ. ಪಕ್ಕದ ಮನೆಯವರ ಮಿಕ್ಸರ್ ಬಿಚ್ಚಲು ಹೋಗುವವರು, ಮದುವೆಮನೆಯಲ್ಲಿ ಅಡುಗೆಯವನಿಗೆ ಅಕ್ಕಿಯ ಅಳತೆ ಹೇಳಿಕೊಡುವವರು, ರೈಲಿನಲ್ಲಿ ಅಪರಿಚಿತರ ಬೆನ್ನುನೋವಿಗೆ ಔಷಧ ಸೂಚಿಸುವವರು ಎಲ್ಲ ಈ ಪಂಗಡದವರೇ. ನಾನೂ ಅದರ ಆಜೀವ ಸದಸ್ಯ. ಮಿಕ್ಸರ್ ಕೆಟ್ಟರೆ ಹೊಸದು ತರಬಹುದು, ಅನ್ನ ಸಾಲದಿದ್ದರೆ ಇನ್ನೊಮ್ಮೆ ಎಸರಿಡಬಹುದು. ಆದರೆ ನಾನು ಒಪ್ಪಿಕೊಂಡದ್ದು ಸತ್ತುಹೋದ ಬೆಕ್ಕನ್ನು ವಾಪಸ್ ತಂದುಕೊಡುವ ಕೆಲಸ. ಅದೂ ಮೊಬೈಲ್ ಫೋನಿನೊಳಗೆ.

ಬೆಕ್ಕಿನ ಹೆಸರು ಮಂಜಿ. ಪುಣೆಯ ನಿಗಡಿಯ ಹಳೆಯ ಮನೆಯಲ್ಲಿ ನಾವಿದ್ದಾಗ ಎಲ್ಲಿಂದಲೋ ಬಂದು ಅವ್ವನ ಮಡಿಲು ಹತ್ತಿ ಕೂತದ್ದು ಮತ್ತೆ ಇಳಿಯಲೇ ಇಲ್ಲ. ಮೈಯೆಲ್ಲ ಹಾಲಿನಂತೆ ಬಿಳುಪು. ಒಂದು ಕಣ್ಣು ಹಳದಿ, ಇನ್ನೊಂದು ನೀಲಿ. “ಹಳದಿ ಕಣ್ಣಿಲೆ ನನ್ನ ನೋಡ್ತಾಳ, ನೀಲಿ ಕಣ್ಣಿಲೆ ದೇವರನ್ನ ನೋಡ್ತಾಳ” ಎನ್ನುತ್ತಿದ್ದಳು ಅವ್ವ. ನನ್ನನ್ನು ಅದು ಯಾವ ಕಣ್ಣಿನಿಂದಲೂ ನೋಡಿದ ನೆನಪಿಲ್ಲ. ಆಮೇಲೆ ಅದೇ ನಿಗಡಿಯಲ್ಲಿ ಐದನೆಯ ಮಹಡಿಯ ಫ್ಲ್ಯಾಟಿಗೆ ಬಂದೆವು. ಬಾಲ್ಕನಿಯಿಂದ ಬಿದ್ದೀತೆಂದು ಅವ್ವ ಅದನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದಳು. ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಸೋಫಾಕ್ಕೆ ಓಡಾಡಿಕೊಂಡೇ ಮುದಿಯಾಗಿ, ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಏಳಲಿಲ್ಲ.

ಆ ನಂತರ ಅವ್ವ ಊಟ ಅರ್ಧ ಮಾಡಿದಳು. ಬಾಲ್ಕನಿಯ ಕಡೆ ಮುಖ ಮಾಡಿ ಕೂತುಬಿಟ್ಟಳು. ನಮಗೆ ನಿಜವಾಗಿ ಭಯವಾದದ್ದು ಅವಳು ನನ್ನನ್ನು ಬೈಯುವುದನ್ನು ಬಿಟ್ಟಾಗ. ಐವತ್ತೈದು ದಾಟಿದ ನನಗೆ ದಿನಕ್ಕೊಮ್ಮೆಯಾದರೂ “ಹುಚ್ಚಪ್ಯಾಲಿ” ಎನ್ನಿಸಿಕೊಳ್ಳದಿದ್ದರೆ ಕಚೇರಿಗೆ ಹೋಗುವ ಹುಮ್ಮಸ್ಸು ಬರುವುದಿಲ್ಲ. ಟವೆಲನ್ನು ಹಾಸಿಗೆಯ ಮೇಲೆ ಒದ್ದೆಯಾಗಿ ಒಗೆದೆ, ಚಹಾದ ಬಸಿಯನ್ನು ದೇವರ ಕಟ್ಟೆಯ ಹತ್ತಿರ ಇಟ್ಟೆ. ಅವ್ವ ಸುಮ್ಮನಿದ್ದಳು. ಬೈದವಳು ನನ್ನ ಹೆಂಡತಿ ಸುಧಾ. ಆದರೆ ಆ ಬೈಗುಳದಲ್ಲಿ ತಾಯಿಯ ರುಚಿ ಇರಲಿಲ್ಲ. ಇನ್ನೊಂದು ಬೆಕ್ಕು ತರೋಣವೆಂದರೆ ಅದೂ ಆಗದು. ಮಂಜಿ ಇದ್ದಷ್ಟು ಕಾಲ ಸುಧಾ ಸೀನುತ್ತಲೇ ಸಂಸಾರ ಮಾಡಿದ್ದಳು. ಇನ್ನು ಮೇಲೆ ಮನೆಯೊಳಗೆ ಬೆಕ್ಕಿನ ಕೂದಲು ಕೂಡ ಬರಕೂಡದೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

ಆಗ ನಮ್ಮ ಮಗಳು ಅನಘಾ ಒಂದು ಉಪಾಯ ತಂದಳು. ಅವಳು ಬಿ.ಎಸ್ಸಿ. ಓದುತ್ತಾಳೆ. ನನ್ನ ಹಳೆಯ ಫೋನಿನಲ್ಲಿ ಒಂದು ಆಟ ಹಾಕಿ ಅಜ್ಜಿಯ ಕೈಗೆ ಕೊಟ್ಟಳು. ಆಟವೆಂದರೆ ಬೆಕ್ಕು ಸಾಕುವುದು. ಒಂದು ಗಂಡು, ಒಂದು ಹೆಣ್ಣು ಜೊತೆ ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ಮರಿ ಹುಟ್ಟುತ್ತದೆ, ಎರಡು ದಿನಕ್ಕೆ ದೊಡ್ಡದಾಗುತ್ತದೆ. ಕೂದಲು ಉದುರುವುದಿಲ್ಲ, ಸುಧಾ ಸೀನುವುದಿಲ್ಲ. ಅವ್ವ ಕನ್ನಡಕ ಏರಿಸಿ ನೋಡಿದಳು. ತೆರೆಯ ಮೇಲೆ ಬೂದಿ ಬಣ್ಣದ ಎರಡು ಬೆಕ್ಕುಗಳು ಕೂತು ನಮ್ಮನ್ನೇ ನೋಡುತ್ತಿದ್ದವು. ಅಣ್ಣ ಮತ್ತು ತಂಗಿ ಎಂದು ಕೆಳಗೆ ಬರೆದಿತ್ತು.

“ಇವು ಮಂಜಿ ಅಲ್ಲ” ಎಂದು ಅವ್ವ ಫೋನು ಕೆಳಗಿಟ್ಟಳು.

ಅನಘಾ ಬಿಡಲಿಲ್ಲ. “ಅಜ್ಜಿ, ಇಲ್ಲಿ ನೋಡು, ಇವುಗಳ ವಂಶಾವಳಿ. ಇವುಗಳ ಮುತ್ತಜ್ಜಿ ಬಿಳೀ ಇದ್ಲು. ಒಂದು ಕಣ್ಣು ನೀಲಿ, ಒಂದು ಹಳದಿ. ಆ ಗುಣ ಇವುಗಳೊಳಗ ಅಡಗಿ ಕೂತಿರಬಹುದು, ಹೊರಗ ಕಾಣಸ್ತಿಲ್ಲ ಅಷ್ಟ. ಬರೋಬ್ಬರಿ ಜೋಡಿ ಮಾಡಿದ್ರ ಎಂದಾರ ಒಂದು ದಿನ ಹೊರಗ ಬರ್ತದ.”

ಅವ್ವ ನನ್ನ ಕಡೆ ತಿರುಗಿದಳು. ಬಹಳ ದಿನಗಳ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದಳು. “ಖರೇ ಏನೋ ವೆಂಕಟೇಶ? ಮಂಜಿ ಬರ್ತಾಳೇನು?”

“ಬರದ ಎಲ್ಲಿ ಹೋಗ್ತಾಳ? ನಾ ತಂದು ಕೊಡ್ತೀನಿ” ಎಂದೆ. ನನ್ನ ಕೇಡುಗಾಲ ಶುರುವಾದದ್ದು ಅಲ್ಲಿಂದ.

ನಾನು ಹಡಪಸರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ವಿಭಾಗದಲ್ಲಿದ್ದೇನೆ. ಅಲ್ಲಿ ನನ್ನ ಕೆಲಸ ಒಂದೇ: ಎಲ್ಲ ಬಿಡಿಭಾಗಗಳೂ ಒಂದೇ ತರಹ ಇವೆಯೇ ನೋಡುವುದು, ಕೂದಲೆಳೆಯಷ್ಟು ಬೇರೆ ಇದ್ದರೂ ಪಕ್ಕಕ್ಕೆ ಎಸೆಯುವುದು. ಹೀಗೆ ಬೇರೆಯದನ್ನು ಎಸೆಯುತ್ತಲೇ ಕೂದಲು ಹಣ್ಣಾದ ಮನುಷ್ಯನಿಗೆ ಒಂದು ಬೇರೆಯದನ್ನು ಹುಟ್ಟಿಸುವುದು ಎಷ್ಟು ಕಷ್ಟವೆಂದು ಈಗ ತಿಳಿಯಿತು. ಅನಘಾ ನನಗೆ ಪಾಠ ಮಾಡಿದಳು. ಪ್ರತಿ ಗುಣವೂ ಜೋಡಿಯಾಗಿ ಇರುತ್ತದಂತೆ, ಒಂದು ತಂದೆಯಿಂದ, ಒಂದು ತಾಯಿಯಿಂದ. ಬೂದಿ ಬಣ್ಣ ಜೋರಿನದು. ಬಿಳುಪು ಪಾಪದ್ದು. ಜೋರಿನದು ಒಂದಿದ್ದರೂ ಸಾಕು, ಪಾಪದ್ದು ಬಾಯಿ ಮುಚ್ಚಿಕೊಂಡು ಒಳಗೆ ಕೂತಿರುತ್ತದೆ. ಎರಡೂ ಕಡೆಯಿಂದ ಪಾಪದ್ದೇ ಬಂದು ಸೇರಿದಾಗ ಮಾತ್ರ ಅದು ಹೊರಗೆ ಕಾಣುತ್ತದೆ. ನನಗೆ ಇದು ತಕ್ಷಣ ಅರ್ಥವಾಯಿತು. ನಮ್ಮ ಮನೆಯಲ್ಲಿ ಮೂರು ಜೋರಿನ ಹೆಂಗಸರ ಮಧ್ಯೆ ನಾನು ಇದ್ದೇನೆ.

“ಹಂಗಾದ್ರ ಈ ಅಣ್ಣ-ತಂಗಿನ್ನೇ ಜೋಡಿ ಮಾಡೂದು ಪಪ್ಪಾ. ಇಬ್ಬರೊಳಗೂ ಅದು ಇರೋ ಚಾನ್ಸ್ ಜಾಸ್ತಿ” ಎಂದಳು ಅನಘಾ.

ನಾನು ಗುಂಡಿ ಒತ್ತಲು ಬೆರಳು ಎತ್ತಿದೆ. ಹಿಂದಿನಿಂದ ಒಂದು ಕಿರುಚಾಟ ಕೇಳಿಸಿತು. ಅವ್ವ!

“ಏ ಹುಚ್ಚಪ್ಯಾಲಿ! ಅಣ್ಣ-ತಂಗಿಗೆ ಲಗ್ನ ಮಾಡ್ತೀಯೇನೋ? ನನ್ನ ಕಣ್ಣ ಮುಂದ? ಒಂದ ಗೋತ್ರ ಅಲ್ಲೇನೋ ಅವು!”

ನನಗೆ ಕಣ್ಣಲ್ಲಿ ನೀರು ಬಂತು. ಎಷ್ಟು ದಿನಗಳ ಮೇಲೆ ಬೈದಿದ್ದಳು! ಆ ಸಂತೋಷದಲ್ಲಿ ಬೆಕ್ಕಿಗೆ ಗೋತ್ರವಿಲ್ಲವೆಂದು ವಾದಿಸಲು ಮರೆತೆ. ವಾದಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವ್ವ ಅಂದೇ ಆ ಎರಡು ಬೆಕ್ಕುಗಳಿಗೆ ರಂಗ್ಯಾ, ಭೂರಿ ಎಂದು ಹೆಸರಿಟ್ಟು ಕಾಶ್ಯಪ ಗೋತ್ರ ಕೊಟ್ಟಳು. ಭೂರಿಗೆ ಹೊರಗಿನಿಂದ ವರ ನೋಡಬೇಕಾಯಿತು. ಆಟದ ಪೇಟೆಯಲ್ಲಿ ಒಂದು ಗಂಡು ಬೆಕ್ಕು ಸಿಕ್ಕಿತು. ಅದರ ಬಣ್ಣವೂ ಬೂದಿಯೇ. ಅದಕ್ಕೆ ಭಾರದ್ವಾಜ ಗೋತ್ರವಾಯಿತು. ಮದುವೆಯ ದಿನ ಸುಧಾ ಸಜ್ಜಿಗೆ ಮಾಡಿದಳು. ಅವಳೂ ಹೀಗೆ ಕೈಬಿಟ್ಟುಹೋದ ಮೇಲೆ ನನಗೆ ಮನೆಯಲ್ಲಿ ಆಸರೆಯೇ ಇಲ್ಲದಾಯಿತು.

ಮರಿ ಹುಟ್ಟಿತು, ಬೂದಿ. ಇನ್ನೊಂದು, ಬೂದಿ. ಮತ್ತೊಂದು ಹುಟ್ಟುವಾಗ ನಾನು ಕಣ್ಣು ಮುಚ್ಚಿ ಕೂತೆ. ತೆರೆದಾಗ ಅದೂ ಬೂದಿ. ಬೇಡದ ಮರಿಗಳನ್ನು ಆಶ್ರಮಕ್ಕೆ ಕಳಿಸುವ ಗುಂಡಿಯೊಂದು ಆಟದಲ್ಲಿದೆ. ಅದನ್ನು ಒತ್ತುವಂತಿಲ್ಲ. ಏಕೆಂದರೆ ಅವ್ವ ಪ್ರತಿ ಮರಿಯಲ್ಲೂ ನಮ್ಮ ಬಂಧುಗಳಲ್ಲಿ ಯಾರನ್ನಾದರೂ ಗುರುತಿಸುತ್ತಿದ್ದಳು. “ಇದು ನಮ್ಮ ಶಕ್ಕೂ, ನೋಡು ಹೆಂಗ ಮಾರಿ ಗಂಟು ಹಾಕ್ಯಾಳ.” “ಇವ ನಿಮ್ಮ ಗುಂಡೂ ಕಾಕಾ, ಉಂಡ ಕೂಡ್ಲೆ ಮಲಗ್ತಾನ.” ನನ್ನ ಕಾಕಾನನ್ನು ನಾನು ಆಶ್ರಮಕ್ಕೆ ಹೇಗೆ ಕಳಿಸಲಿ?

ಬೆಕ್ಕುಗಳು ಹೆಚ್ಚಿದಂತೆ ಜಾಗ ಸಾಲದಾಯಿತು. ಹೊಸ ಕೋಣೆ ಬೇಕಾದರೆ ಒಂದು ಕೊಳದಲ್ಲಿ ಮೀನು ಹಿಡಿದು ಹಿಡಿದು ಅಂಕ ಗಳಿಸಬೇಕು. ಅವ್ವನಿಂದ ಅದು ಆಗದೆಂದು ಅನಘಾ ಅದೇ ಆಟವನ್ನು ನನ್ನ ಹೊಸ ಫೋನಿಗೂ ಜೋಡಿಸಿಕೊಟ್ಟಳು. ಹೀಗಾಗಿ ನಿಗಡಿಯಿಂದ ಹಡಪಸರದವರೆಗೆ ಕಂಪನಿಯ ಬಸ್ಸಿನಲ್ಲಿ, ಪುಣೆಯ ಸಮಸ್ತ ಟ್ರಾಫಿಕ್ಕಿನ ನಡುವೆ, ಹುಟ್ಟಿದಾಗಿನಿಂದ ತತ್ತಿಯನ್ನೂ ಮುಟ್ಟದ ನಾನು ಮೀನು ಹಿಡಿಯುತ್ತ ಕೂತೆ. ಪಕ್ಕದ ಸೀಟಿನವರು ಮೊದಲು ಇಣುಕಿ ನೋಡುತ್ತಿದ್ದರು, ಆಮೇಲೆ ಮರುಕದಿಂದ ಬೇರೆ ಕಡೆ ನೋಡತೊಡಗಿದರು. ಒಂದು ದಿನ ಮೀಟಿಂಗಿನಲ್ಲಿ ಸಾಹೇಬರು ಒಂದು ಗಂಭೀರ ದೋಷದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಿಸೆಯೊಳಗಿನಿಂದ “ಮಿಯಾಂವ್” ಎಂದಿತು. ಮರಿ ಹುಟ್ಟಿದ ಸೂಚನೆ. ಎಲ್ಲರೂ ನಕ್ಕರು. ನಾನು ಮಾತ್ರ ಮೇಜಿನ ಕೆಳಗೆ ಫೋನು ಹಿಡಿದು ನೋಡಿ, ಮುಖವನ್ನು ಬೂದಿ ಮಾಡಿಕೊಂಡು ಕೂತೆ. ದೋಷದ ಗಾಂಭೀರ್ಯಕ್ಕೆ ನಾನು ಹಾಗೆ ಕೂತಿದ್ದೇನೆಂದು ಸಾಹೇಬರು ತಿಳಿದರು.

ವಾರಗಳು ಹೋದವು. ಹೊರಗಿನಿಂದ ವರ ತಂದಷ್ಟೂ ಬೂದಿಯ ಜೋರು ಹೆಚ್ಚುತ್ತಿತ್ತು. ಸಂಬಂಧದೊಳಗೇ ಜೋಡಿ ಮಾಡದೆ ಗತಿಯಿಲ್ಲವೆಂದು ಅನಘಾ ಹೇಳುತ್ತಾಳೆ, ಸಗೋತ್ರ ಆಗದೆಂದು ಅವ್ವ. ವಿಜ್ಞಾನಕ್ಕೂ ಶಾಸ್ತ್ರಕ್ಕೂ ನಡುವೆ ನಾನು ಒಬ್ಬನೇ. ಕೊನೆಗೆ ಒಂದು ಭಾನುವಾರ ಅವಲಕ್ಕಿ ತಿನ್ನುತ್ತ ಕೈಚೆಲ್ಲಿ ಹೇಳಿದೆ: “ಅವ್ವಾ, ನನ್ನಿಂದ ಆಗೂದಿಲ್ಲ. ಮಂಜಿ ಬರೂದಿಲ್ಲ.”

ಅವ್ವ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಾಲ್ಕನಿಯ ಕಡೆ ನೋಡಿದಳು.

ಸುಧಾ ಅಡುಗೆಮನೆಯಿಂದಲೇ ಹೇಳಿದಳು: “ಅಲ್ರೀ, ಭೂರಿ ಮಗಳನ್ನ ರಂಗ್ಯಾಗ ಕೊಟ್ರ ಆತಲ್ಲ? ಅವ ಆಕಿಗೆ ಸೋದರಮಾವ. ಗೋತ್ರನೂ ಬ್ಯಾರೆ.”

ಅವ್ವನ ಮುಖ ಅರಳಿತು. “ಹೌದಲ್ಲೇ ಸುಧಾ! ಮಾವಗ ಕೊಡೂದು ನಮ್ಮೊಳಗ ನಡೀತದ. ನಾನು ನಮ್ಮ ಸೋದರಮಾವನ್ನೇ ಲಗ್ನ ಆಗೀನಲ್ಲ!”

ಅನಘಾ ಚಮಚ ಕೆಳಗಿಟ್ಟು ನನ್ನನ್ನು ಒಂದು ಹೊಸ ಆಸಕ್ತಿಯಿಂದ ಮೇಲಿಂದ ಕೆಳಗೆ ನೋಡಿದಳು. “ಅಂದ್ರ ಪಪ್ಪಾನೊಳಗ ಭಾಳಷ್ಟು ಅಡಗಿದ್ದೆಲ್ಲ ಹೊರಗ ಬಂದಿರಬೇಕು” ಎಂದಳು. “ಬಂದದ, ಬಂದದ” ಎಂದಳು ಸುಧಾ. ಯಾವ ಯಾವ ಗುಣವೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಆ ಭಾನುವಾರ ಸಾಲುತ್ತಿರಲಿಲ್ಲ.

ಎರಡನೆಯ ಮಹಡಿಯ ಜೋಶಿ ಕಾಕು ಅಷ್ಟರಲ್ಲಿ ನಮ್ಮ ಮನೆಗೆ ಬಂದರು. ಅವ್ವನ ಗೆಳತಿ. ಅವ್ವನ ಸಂಗಡ ಕೂತು ಕೂತು ಅವರೂ ತಮ್ಮ ಫೋನಿನಲ್ಲಿ ಈ ಆಟ ಹಾಕಿಸಿಕೊಂಡು ರಾಜಾಭಾವೂ ಎಂಬ ಕಪ್ಪು ಗಂಡು ಬೆಕ್ಕನ್ನು ಸಾಕಿದ್ದರು. ಸಂಬಂಧದ ಸುದ್ದಿ ಕೇಳಿ “ಅಯ್ಯೋ, ಮಾಮಾಬರೋಬರ್?” ಎಂದು ಸೆರಗನ್ನು ಬಾಯಿಗೆ ಹಿಡಿದರು. ಮಾವನ ಮಗಳನ್ನು ತರುವುದು ಸರಿ, ಮಾವನಿಗೇ ಕೊಡುವುದೆಂದರೇನು ಎಂದು ಮರಾಠಿಯಲ್ಲಿ ಕೇಳಿದರು. ಅವ್ವ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಅವರಿಗೆ ನಮ್ಮ ಮೂಲ ಊರಾದ ವಿಜಯಪುರದ ಪದ್ಧತಿಯನ್ನೆಲ್ಲ ತಿಳಿಸಿ ಹೇಳಿದಳು. ಮರಿ ಹುಟ್ಟುವ ಮೊದಲೇ ನಮ್ಮ ಮನೆತನದ ಮಾನ ಹೋಗುವುದರಲ್ಲಿತ್ತು.

ರಂಗ್ಯಾನ ಮದುವೆಯಾಯಿತು. ಮೊದಲ ಮರಿ ಬೂದಿ. ಎರಡನೆಯದೂ ಬೂದಿ. ನಾನು ನೋಡುವುದನ್ನೇ ಬಿಟ್ಟೆ. ಆಮೇಲೊಂದು ಸಂಜೆ ಬಸ್ಸಿಳಿದು ಮನೆಗೆ ಬಂದರೆ ಬಾಗಿಲು ತೆರೆದೇ ಇತ್ತು. ಅವ್ವ ಹಾಲ್‌ನ ನಡುವೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅದನ್ನು ನನ್ನ ಮುಂದೆ ಹಿಡಿದಳು. ಬಿಳೀ ಮರಿ. ಒಂದು ಕಣ್ಣು ಹಳದಿ. ಒಂದು ನೀಲಿ.

“ಬಂದ್ಲೋ ವೆಂಕಟೇಶ” ಎಂದಳು.

ಆ ರಾತ್ರಿ ಅವ್ವ ಎರಡು ಭಕ್ರಿ ಉಂಡಳು. ನನ್ನನ್ನು ಮೂರು ಸಲ ಬೈದಳು. ನಾನು ಆ ಮರಿಯನ್ನು ಒಂದು ಸಲ ನೋಡಿ ಮಲಗಿದೆ. ಅದು ನನ್ನನ್ನು ನೋಡಲಿಲ್ಲ. ಆದರೂ ಎಂಥ ನಿದ್ದೆ! ಕಾರ್ಖಾನೆಯಲ್ಲಿ ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಒಂದು ಸಲವೂ ಸಿಗದ ಸಮಾಧಾನ ಈ ಇಲ್ಲದ ಬೆಕ್ಕಿನಿಂದ ಸಿಕ್ಕಿತು. ಮರುದಿನ ಬಸ್ಸಿನಲ್ಲಿ ಪಕ್ಕದವರಿಗೆ ಅದರ ಚಿತ್ರ ತೋರಿಸಿದೆ. “ಛಾನ್”, ಚೆನ್ನಾಗಿದೆ, ಎಂದರು. ಸಾಹೇಬರಿಗೂ ತೋರಿಸಿದೆ. ಒಂದೇ ವಾರದಲ್ಲಿ ಹಡಪಸರದ ನಮ್ಮ ವಿಭಾಗದಲ್ಲಿ ಆ ಬೆಕ್ಕನ್ನು ನೋಡದವರು ಯಾರೂ ಉಳಿಯಲಿಲ್ಲ. ಮನುಷ್ಯ ಅಷ್ಟು ಬೀಗಬಾರದು.

ವಾರ ಕಳೆದು ಒಂದು ಸಂಜೆ ಮನೆಗೆ ಬಂದಾಗ ಬಾಗಿಲಿಗೆ ಮಾವಿನ ಎಲೆ ಕಟ್ಟಿತ್ತು. ಒಳಗೆ ಹೋಳಿಗೆಯ ವಾಸನೆ. ಅವ್ವ ಹೊಸ ಇಳಕಲ್ ಸೀರೆಯುಟ್ಟು ಕೂತಿದ್ದಳು. ಕಣ್ಣು ಒದ್ದೆಯಾಗಿದ್ದರೂ ಮುಖ ತೃಪ್ತವಾಗಿತ್ತು.

“ಏನವ್ವಾ ಇವತ್ತು?”

“ಮಂಜಿನ್ನ ಕೊಟ್ಟಬಿಟ್ವಿ” ಎಂದಳು. “ಜೋಶಿ ಕಾಕು ಅವರ ರಾಜಾಭಾವೂಗ. ಭಾಳ ಛಲೋ ಮನಿತನ.”

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಟದಲ್ಲಿ ಒಬ್ಬರ ಬೆಕ್ಕನ್ನು ಇನ್ನೊಬ್ಬರಿಗೆ ಒಪ್ಪಿಸಿಬಿಡುವ ಒಂದು ಗುಂಡಿ ಇದೆ. ‘ಖಂಡಿತವೇ? ಒಮ್ಮೆ ಕೊಟ್ಟರೆ ಹಿಂದಕ್ಕೆ ಬಾರದು’ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ಅವ್ವನಿಗೆ ಇಂಗ್ಲಿಷ್ ಬಾರದು. ಜೋಶಿ ಕಾಕುವಿಗೆ ಬರುತ್ತದೆ. ಅಕ್ಷತೆ ಹಾಕಿ, ಇಬ್ಬರೂ ಸೇರಿ ಒತ್ತಿದ್ದರು. ಎರಡು ಫೋನುಗಳ ನಡುವೆ ಅಂತರಪಟವನ್ನೂ ಹಿಡಿದಿದ್ದರಂತೆ, ಹಿಡಿದವಳು ಸುಧಾ.

“ಅವ್ವಾ!” ಎಂದು ನಾನು ಸೋಫಾದ ಮೇಲೆ ಕುಸಿದೆ. “ಅದಕ್ಕಾಗಿ ನಾ ಎಷ್ಟು ಮೀನ ಹಿಡದೀನಿ! ಆಕಿ ಇಲ್ಲ ಅಂತ ನೀ ಊಟಾ ಬಿಟ್ಟಿದ್ದಿ. ಬಂದಾಕಿನ್ನ ಕೊಟ್ಟಬಿಟ್ಯಾ?”

ಅವ್ವ ಸೆರಗಿನಿಂದ ಕನ್ನಡಕ ಒರೆಸಿದಳು. “ಇಲ್ಲೇ ಇಟಗೊಂಡಿದ್ರ ಯಾರಿಗೆ ಕೊಡ್ತಿದ್ದಿ ಹೇಳು? ಎಲ್ಲಾ ಇದ ಮನಿಯಾವ, ಯಾರಿಗೆ ಕೊಟ್ರೂ ಆಕಿ ಇಲ್ಲೇ ಕೂಡತಿದ್ಲು. ಮೊದಲಿನ ಮಂಜಿನ್ನ ನಾ ಹೊಸ್ತಲಾ ದಾಟಸಲಿಲ್ಲೋ. ಬಿದ್ದಾಳು, ಕಳದಾಳು ಅಂತ ಬಾಗಲಾ ಹಾಕಿಟ್ಟೆ. ಕಿಟಕ್ಯಾಗ ಕೂತು ಹೊರಗ ನೋಡಕೋತ ನೋಡಕೋತ ಹೋದ್ಲು. ಒಂದ ಮರಿನೂ ಕಾಣಲಿಲ್ಲ. ಈ ಸಲಾನರೆ ಸಂಸಾರ ಮಾಡ್ಲಿ.”

ಅಷ್ಟು ದಿನ ಬಾಲ್ಕನಿಯ ಕಡೆ ಮುಖ ಮಾಡಿ ಅವಳು ಏನು ಯೋಚಿಸುತ್ತಿದ್ದಳೆಂದು ನನಗೆ ಆಗ ಗೊತ್ತಾಯಿತು. ಬೈಯಲು ತೆರೆದ ಬಾಯಿಗೆ ಸುಧಾ ಹೋಳಿಗೆ ತಂದಿಟ್ಟಳು. ತಿಂದೆ. ಆದರೆ ಮತ್ತೆ ಅಂಥದೊಂದು ಮರಿ ಬರಬೇಕೆಂದು ರಂಗ್ಯಾನನ್ನು ಕಾಡಿದೆ. ಅವನು ಬೂದಿಯ ಹಿಂದೆ ಬೂದಿಯನ್ನು ಹಡೆಸಿ ಕೈತೊಳೆದುಕೊಂಡ. ಕಚೇರಿಯಲ್ಲಿ “ಬೆಕ್ಕು ಹೇಗಿದೆ?” ಎಂದು ಸಾಹೇಬರು ಕೇಳಿದರೆ “ಮದುವೆಯಾಯಿತು ಸರ್” ಎಂದು ಹೇಳಬೇಕಾದ ದುರ್ಗತಿ ಬಂತು.

ಕೊನೆಗೆ ನಿಶ್ಚಯ ಮಾಡಿದೆ. ಜೋಶಿಯವರ ಮನೆಗೆ ಹೋಗುವುದು, ಇದೆಲ್ಲ ಒಂದು ಆಟ, ಮುದುಕಿಯರ ಹುಡುಗಾಟ, ಬೆಕ್ಕನ್ನು ಮರಳಿ ಕಳಿಸಿರಿ ಎಂದು ಸ್ಪಷ್ಟವಾಗಿ ಹೇಳುವುದು. ಚಪ್ಪಲಿ ಮೆಟ್ಟುವಾಗ ಅವ್ವ ಹಿಂದಿನಿಂದ ಬಂದು ಒಂದು ತೆಂಗಿನಕಾಯಿ, ಒಂದು ಕುಬಸದ ಖಣ, ಒಂದು ಡಬ್ಬಿ ಬೇಸನ್ ಉಂಡಿ ನನ್ನ ಕೈಗಿಟ್ಟಳು. “ಹೆಣ್ಣು ಕೊಟ್ಟ ಮನಿಗೆ ಬರಿಗೈಲೆ ಹೋಗಬ್ಯಾಡ.” ಇವುಗಳನ್ನು ಹೊತ್ತು ಸ್ಪಷ್ಟವಾಗಿ ಮಾತಾಡುವುದು ಕಷ್ಟವೆಂದು ಮೂರನೆಯ ಮಹಡಿಯಲ್ಲೇ ನನಗೆ ಅನ್ನಿಸಿತು.

ಬಾಗಿಲು ತೆರೆದವರು ಜೋಶಿ ಕಾಕಾ. ಲಿಫ್ಟಿನಲ್ಲಿ ಸಿಕ್ಕರೆ ನನ್ನ ಹೆಗಲ ಮೇಲೆ ಕೈಹಾಕಿ ಮಾತಾಡುವ ಮನುಷ್ಯ. ಅಂದು ಒಂದು ಹೆಜ್ಜೆ ಹಿಂದೆ ಸರಿದು “ಯಾ, ಬಸಾ” ಎಂದು ಗಂಭೀರವಾಗಿ ಕುರ್ಚಿ ತೋರಿಸಿದರು. ತಾವು ದಿವಾನದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತರು. ನಾನು ಕುರ್ಚಿಯ ಅಂಚಿನಲ್ಲಿ ಕೂತೆ. ಪೂರ್ತಿ ಕೂರಲು ಯಾರೂ ಬೇಡವೆಂದಿರಲಿಲ್ಲ, ಆದರೂ ಹಿಂದಕ್ಕೆ ಸರಿಯಲು ಧೈರ್ಯವಾಗಲಿಲ್ಲ. ಕಾಕು ಪೋಹೆ, ಚಹಾ ತಂದಿಟ್ಟು, ಕಾಯಿ-ಖಣ ಒಳಗೆ ಒಯ್ದರು.

“ಸೊಸೆ ಒಳ್ಳೆಯವಳೇ” ಎಂದು ಕಾಕಾ ಮರಾಠಿಯಲ್ಲಿ ಆರಂಭಿಸಿದರು. “ಸ್ವಲ್ಪ ಹಟಮಾರಿ. ಕರೆದ ಕೂಡಲೇ ಬರುವುದಿಲ್ಲ. ಹೆಸರು ಮೃಣಾಲಿನಿ ಎಂದು ಬದಲಾಯಿಸಿದ್ದೇವೆ, ನಮ್ಮಲ್ಲಿ ಹಾಗೇ ಪದ್ಧತಿ. ಅದಕ್ಕೇನೂ ಇಲ್ಲ. ಆದರೆ...” ಎಂದು ನಿಲ್ಲಿಸಿ ಕನ್ನಡಕ ತೆಗೆದರು. “ಮೊದಲ ಮರಿ ನಿನ್ನೆ ಹುಟ್ಟಿತು. ಬೂದಿ ಬಣ್ಣ. ನಮ್ಮ ಕಡೆ ನೋಡಿ, ರಾಜಾಭಾವೂ ಕಪ್ಪು, ಅವನ ಅಪ್ಪ ಕಪ್ಪು, ಅಜ್ಜ ಕಪ್ಪು. ನಮ್ಮ ವಂಶದಲ್ಲಿ ಬೂದಿ ಯಾರೂ ಇಲ್ಲ. ಇದು ನಿಮ್ಮ ಕಡೆಯಿಂದ ಬಂದದ್ದು.”

ನನ್ನ ನಾಲಗೆಯ ತುದಿಯಲ್ಲಿ ಒಂದು ಇಡೀ ಭಾಷಣ ಸಿದ್ಧವಾಗಿತ್ತು. ಬಿಳೀ ಬೆಕ್ಕಿನೊಳಗೆ ಬೂದಿ ಅಡಗಿರಲು ಸಾಧ್ಯವೇ ಇಲ್ಲ, ಏಕೆಂದರೆ ಬೂದಿ ಜೋರಿನದು, ಒಂದಿದ್ದರೂ ಹೊರಗೇ ಕಾಣಬೇಕು. ಆದ್ದರಿಂದ ಮಹನೀಯರೇ, ನಿಮ್ಮ ರಾಜಾಭಾವೂನ ಕಪ್ಪಿನ ಕೆಳಗೇ ಏನೋ ಅಡಗಿದೆ, ಅವನ ಅಜ್ಜಿಯ ಕಡೆಯನ್ನು ಸ್ವಲ್ಪ ವಿಚಾರಿಸಿರಿ. ಇಷ್ಟನ್ನು ಹೇಳಬಲ್ಲವನು ಆ ಕಟ್ಟಡದಲ್ಲಿ ನಾನೊಬ್ಬನೇ. ಅದನ್ನು ಕಲಿಯಲು ನಾನು ಪಟ್ಟ ಪಾಡು ಬಸ್ಸಿನವರಿಗೆ ಗೊತ್ತು. ಕಾಕಾರ ಮುಖ ನೋಡಿದೆ. ಅವರ ಮೇಲಿನ ಕಾಲು ಅಲುಗುತ್ತಿತ್ತು. ಮಗಳು ನಾಳೆಯೂ ಇದೇ ಮನೆಯಲ್ಲಿ ಇರಬೇಕಾದವಳು.

“ಹೌದು, ನಮ್ಮ ಕಡೆಯದೇ ಇರಬೇಕು” ಎಂದು ಕೈಜೋಡಿಸಿದೆ. “ಸಣ್ಣವಳು, ಸಂಭಾಳಿಸಿಕೊಳ್ಳಿ.”

ಕಾಕಾರಿಗೆ ಸಮಾಧಾನವಾಯಿತು. ಕಾಕುವಿಗೆ ಕನಿಕರ ಬಂತು. “ಪಾಪ, ತಂದೆ ಬಂದಿದ್ದಾರೆ, ಒಂದು ಸಲ ತೋರಿಸಿ” ಎಂದರು. ಕಾಕಾ ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಹಾಲಿನಂಥ ಬಿಳುಪು ಹಾಗೇ ಇತ್ತು. ಕೊರಳಿಗೆ ಒಂದು ಕೆಂಪು ಪಟ್ಟಿ ಕಟ್ಟಿದ್ದರು. ಮಗ್ಗುಲಲ್ಲಿ ಬೂದಿ ಮರಿ ಮಲಗಿತ್ತು. ಅದು ಒಮ್ಮೆ ಕಣ್ಣು ಮಿಟುಕಿಸಿ ಗೋಡೆಯ ಕಡೆ ನೋಡಿತು.

“ಹೆಂಗಿದ್ದೀಯವ್ವಾ ಮಂಜಿ?” ಎಂದೆ. ಕೇಳಬಾರದೆಂದಿದ್ದೆ, ಬಾಯಿಂದ ಬಂದುಬಿಟ್ಟಿತು.

ಬೆಕ್ಕು ಅಲುಗಲಿಲ್ಲ.

ಜೋಶಿ ಕಾಕಾ ಮೃದುವಾಗಿ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದರು: “ತಿಲಾ ಆತಾ ಕಾನಡೀ ಕಳತ ನಾಹೀ.” ಅವಳಿಗೆ ಈಗ ಕನ್ನಡ ತಿಳಿಯುವುದಿಲ್ಲ.

ಇಂಥ ಮಾತಿಗೆ ಸ್ವಾಭಿಮಾನವಿರುವ ಯಾವ ಮನುಷ್ಯನಾದರೂ ತಟ್ಟೆ ಕೆಳಗಿಟ್ಟು ಎದ್ದು ಬರುತ್ತಿದ್ದ. ನಾನು ಕುರ್ಚಿಯ ಅಂಚಿನಲ್ಲಿ ಇನ್ನೂ ಸ್ವಲ್ಪ ಮುಂದೆ ಸರಿದು, ಗಂಟಲು ಸರಿಮಾಡಿಕೊಂಡು, ಅದೇ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದೆ.